ಸಹಾಯ ಬೇಕು: ಉದ್ದದ ಟ್ರೆಕ್‌ನಲ್ಲಿ ಲೈವ್ ಲೊಕೇಶನ್ ಯಾರಿಗೆಲ್ಲ ತೋರಿಸಬೇಕು?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಬ್ಬಳೇ ಐದು ವಾರದ ಟ್ರೆಕ್‌ಗೆ ಹೊರಡುತ್ತಿದ್ದೇನೆ. ನಾನು ಎಲ್ಲಿದ್ದೇನೆ ಅಂತ ಅಮ್ಮನಿಗೆ ದಿನವೂ ಗೊತ್ತಾಗಬೇಕು.

ವಾಟ್ಸ್‌ಆ್ಯಪ್ ಲೈವ್ ಲೊಕೇಶನ್ ಒಮ್ಮೆಗೆ ಹೆಚ್ಚೆಂದರೆ 8 ಗಂಟೆ. ಅದೂ ನೆಟ್‌ವರ್ಕ್ ಇದ್ದರೆ. ಅದಕ್ಕೇ ಗಾರ್ಮಿನ್ ಇನ್‌ರೀಚ್ ಅನ್ನುವ ಟ್ರ್ಯಾಕಿಂಗ್ ಸಾಧನ ತೆಗೆದುಕೊಂಡೆ. ಇದು ಇರಿಡಿಯಂ ಉಪಗ್ರಹಗಳ ಮೂಲಕ ಕೆಲಸ ಮಾಡುತ್ತದೆ, ಮೊಬೈಲ್ ಟವರ್ ಬೇಕಿಲ್ಲ. ನಡೆದ ದಾರಿ ಮ್ಯಾಪ್‌ಶೇರ್ ಅನ್ನುವ ಅದರ ವೆಬ್ ಪುಟದಲ್ಲಿ ಕಾಣುತ್ತದೆ.

ಗೊಂದಲ ಶುರುವಾಗಿದ್ದೇ ಇಲ್ಲಿ. ಲಿಂಕ್ ಎಲ್ಲರಿಗೂ ಕಾಣುವಂತೆ ಹಾಕು, ನಾವೂ ಜೊತೆಗೆ ನಡೆದ ಹಾಗಿರುತ್ತದೆ ಅಂತ ಗೆಳೆಯರು ಹೇಳುತ್ತಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ರಾತ್ರಿ ನನ್ನ ಟೆಂಟ್ ಎಲ್ಲಿದೆ ಅಂತ ಗುರುತಿಲ್ಲದವರಿಗೂ ಗೊತ್ತಾಗುತ್ತದೆ ಅಲ್ವಾ? ಮನೆ ಖಾಲಿ ಇದೆ ಅಂತಲೂ. ಪಾಸ್‌ವರ್ಡ್ ಹಾಕಿ ಐದಾರು ಜನರಿಗಷ್ಟೇ ಕೊಡೋಣ ಅಂದುಕೊಂಡಿದ್ದೇನೆ. ಉಳಿದವರಿಗೆ ಎರಡು ದಿನ ತಡವಾಗಿ ಫೋಟೊ. ಇದು ಸಾಕಾ?

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ದಟ್ಟ ಮರಗಳ ಕೆಳಗೆ, ಆಳದ ಕಣಿವೆಯಲ್ಲಿ ಸಿಗ್ನಲ್ ತಡವಾಗಬಹುದು. ಮ್ಯಾಪ್‌ನಲ್ಲಿ ಚುಕ್ಕೆ ನಿಂತುಬಿಟ್ಟರೆ ಅಮ್ಮ ಹೆದರುತ್ತಾಳೆ. ಎಷ್ಟು ಗಂಟೆ ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಬರೆದಿಟ್ಟು ಹೋದವರು ಇದ್ದೀರಾ? ಏನು ಬರೆದಿಟ್ಟಿರಿ, ದಯವಿಟ್ಟು ಹೇಳಿ.