ಪ್ರಶ್ನೋತ್ತರ: ನರನೋವಿನ ಮಾತ್ರೆ, ಮಂಕಾದ ಮನಸ್ಸು

ಅಡ್ಮಿನ್: ದಾವಣಗೆರೆ ಗುಂಪಿನಲ್ಲಿ ಇವತ್ತು ನರರೋಗದ ಡಾಕ್ಟರ್ ಇದ್ದಾರೆ. ಕೇಳಿ.

ಹರಿಹರ: ಸರ್, ಪಾದ ಉರಿ, ಜೋಮು. ಯಾವ ಮಾತ್ರೆ?

ಡಾಕ್ಟರ್: ನೋಡದೆ ಮಾತ್ರೆ ಹೇಳಲ್ಲ. ಶುಗರ್, ಬಿ12 ಪರೀಕ್ಷೆ ಮಾಡಿಸಿ.

ಜಗಳೂರು: ಸರ್, ಅವ್ವಗೆ 62 ವರ್ಷ, ಶುಗರ್ ಕಾಲುರಿ. ದಿನಕ್ಕೆ ನರನೋವಿನ ಪ್ರಿಗಾಬಾಲಿನ್ ಮಾತ್ರೆ 75 ಮಿ.ಗ್ರಾಂ ಇತ್ತು, ಹೋದ ತಿಂಗಳು 150 ಮಾಡಿದ್ರು. ಉರಿ ಇಳಿದಿದೆ, ಆದ್ರೆ ಮಾತೇ ಆಡಲ್ಲ, ಅಳ್ತಾ ಕೂರ್ತಾಳೆ. ನಿನ್ನೆ 'ನಾನಿದ್ದು ಯಾರಿಗೇನು' ಅಂದ್ಲು. ಮಾತ್ರೆ ನಿಲ್ಲಿಸಿಬಿಡ್ಲಾ?

ಡಾಕ್ಟರ್: ಒಮ್ಮೆಲೇ ನಿಲ್ಲಿಸಬೇಡಿ. ನಿದ್ದೆಗೆಟ್ಟು, ಬೆವರು, ಚಡಪಡಿಕೆ ಶುರುವಾಗುತ್ತೆ. ಹಂತ ಹಂತವಾಗಿ ನಾವೇ ಇಳಿಸ್ತೀವಿ. ವರ್ಷಗಟ್ಟಲೆ ನೋವುಂಡವರ ಮನಸ್ಸು ಹೇಗೂ ಕುಗ್ಗುತ್ತೆ, ನಿಜ. ಆದ್ರೆ ಡೋಸ್ ಏರಿಸಿದ ಮೇಲೇ ಹೀಗಾಗಿದ್ರೆ ನನ್ನ ಅನುಮಾನ ಮಾತ್ರೆ ಮೇಲೆ. ಫಿಟ್ಸ್‌ಗೂ ಕೊಡೋ ಈ ಬಗೆಯ ಔಷಧಿಗಳಿಂದ ಸಾಯುವ ಯೋಚನೆ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಎಚ್ಚರಿಸಿದೆ. ಎಲ್ಲರಿಗೂ ಆಗಲ್ಲ, ಆದವರನ್ನು ಕಡೆಗಣಿಸೋ ಹಾಗೂ ಇಲ್ಲ. ತಾಯಿಯವರನ್ನು ಒಬ್ಬರೇ ಬಿಡಬೇಡಿ. ಮಾತ್ರೆ, ಹೊಲಕ್ಕೆ ಹೊಡೆಯೋ ಔಷಧಿ ಬೀಗದೊಳಗಿಡಿ. 'ಸಾಯಬೇಕು ಅನ್ನಿಸ್ತಿದೆಯಾ' ಅಂತ ನೇರವಾಗಿ ಕೇಳಿ, ಕೇಳಿದ್ರೆ ಕೆಡುಕಾಗಲ್ಲ. ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416 ಹಗಲುರಾತ್ರಿ ಇದೆ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನೈನ್ ಎಷ್ಟು? ಈ ಮಾತ್ರೆ ಹೊರಹೋಗೋದು ಕಿಡ್ನಿಯಿಂದ. ನಿದ್ದೆ ಮಾತ್ರೆ ಇದೆಯಾ?

ಹೊನ್ನಾಳಿ: *ಫಾರ್ವರ್ಡ್* ಎಕ್ಕದ ಎಲೆ ಬಿಸಿ ಮಾಡಿ ಪಾದಕ್ಕೆ ಕಟ್ಟಿ, 7 ದಿನದಲ್ಲಿ ನರನೋವು ಮಾಯ!!

ಡಾಕ್ಟರ್: ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯಲ್ಲ, ಬೊಬ್ಬೆ ಬಂದ ಮೇಲೆ ಗೊತ್ತಾಗುತ್ತೆ. ಮೇಲೆ ಎಕ್ಕದ ಹಾಲು ಬೇರೆ. ಶುಗರ್ ಗಾಯ ಕೊಳೆತರೆ ಬೆರಳು ತೆಗೀಬೇಕಾಗುತ್ತೆ, ಆಗ ಫಾರ್ವರ್ಡ್ ಕಳಿಸಿದವರು ಬರಲ್ಲ. ಅಳಿಸಿ.

ಹೊನ್ನಾಳಿ: ನಮ್ಮಜ್ಜಿ ಕಟ್ಕೊಂಡೇ 90 ಬದುಕಿದ್ರು.

ಚನ್ನಗಿರಿ: ನಿಮ್ಮಜ್ಜಿಗೆ ಶುಗರ್ ಇತ್ತೇನ್ರೀ?

ಹೊನ್ನಾಳಿ: ನಿಮಗ್ಯಾಕ್ರೀ? ನಾನು ಕೇಳಿದ್ದು ನಿಮ್ಮನ್ನಲ್ಲ.

ಚನ್ನಗಿರಿ: ಕೇಳಿಲ್ಲ ನೀವು, ಹೇಳಿದ್ರಿ. ಅದೇ ತೊಂದರೆ.

ಲಾರಿ ಡ್ರೈವರ್: ನರನೋವಿನ ಗಾಬಾಪೆಂಟಿನ್ ಮಾತ್ರೆ ನುಂಗಿ ರಾತ್ರಿ ಗಾಡಿ ಓಡಿಸಬಹುದಾ ಸರ್?

ಮಲೇಬೆನ್ನೂರು: ಬೆನ್ನಿನ ನರಕ್ಕೆ ಡುಲೊಕ್ಸೆಟಿನ್ ಬರೆದಿದ್ದಾರೆ. ಮೆಡಿಕಲ್‌ನವರು ಡಿಪ್ರೆಶನ್ ಮಾತ್ರೆ ಅಂದ್ರು. ನನಗೇನು ತಲೆ ಕೆಟ್ಟಿದೆಯಾ?

ಡಾಕ್ಟರ್: ಇಲ್ಲ. ನರನೋವಿಗೂ ಅದೇ. ಜೊತೆಗೆ ನೋವಿನ ಮಾತ್ರೆ ಟ್ರಮಡಾಲ್ ತಗೊಳ್ತಿದ್ರೆ ಬರೆದವರಿಗೆ ಹೇಳಿ.

ಹರಪನಹಳ್ಳಿ: ಜೋಮಿಗೆ ಯಾವ ಮಾತ್ರೆ ಸರ್?

ಡಾಕ್ಟರ್: ಮೇಲೆ ಓದಿ.

ಹೊನ್ನಾಳಿ: ಇಂಗ್ಲಿಷ್ ಔಷಧಿಯಿಂದ್ಲೇ ಹುಚ್ಚು ಹಿಡಿಯುತ್ತೆ ಅಂತ ಡಾಕ್ಟರೇ ಒಪ್ಪಿದ್ರಲ್ಲ!

ಡಾಕ್ಟರ್: ಹಾಗಂದಿಲ್ಲ. ಅಡ್ಮಿನ್, ಇವರನ್ನು ಸುಮ್ಮನಿರಿಸಿ, ಇಲ್ಲ ನಾನು ಹೊರಡ್ತೀನಿ.

ಜಗಳೂರು: ಸರ್, ಕ್ರಿಯಾಟಿನೈನ್ 1.9. ನಿದ್ದೆಗೆ ಆಲ್ಪ್ರಜೋಲಾಮ್ ಕೂಡ ಇದೆ.

ಡಾಕ್ಟರ್: 1.9 ಜಾಸ್ತಿ, ಮೇಲೆ ನಿದ್ದೆ ಮಾತ್ರೆ ಬೇರೆ. ಬರೀತಾ ಕೂರಬೇಡಿ. ಮಾತ್ರೆ ಪಟ್ಟಿ, ರಿಪೋರ್ಟ್ ಹಿಡ್ಕೊಂಡು ಇವತ್ತೇ ಕರ್ಕೊಂಡು ಬನ್ನಿ.