ಮರು: 'ವಂಶವಾಹಿ ಚಿಕಿತ್ಸೆ' ಸರಿಯೇ? (ಹೃದಯ, ರಕ್ತನಾಳ ರೋಗದ ಕರಪತ್ರಕ್ಕೆ, ತುರ್ತು)

ಜೀವಕೋಶಕ್ಕೆ ಜೀನ್ ಕೊಟ್ಟು ಇಲ್ಲವೇ ಅಲ್ಲಿನ ಜೀನ್ ತಿದ್ದಿ ಮಾಡುವ 'gene therapy'ಗೆ ರೋಗಿಗಳ ಕರಪತ್ರದಲ್ಲಿ 'ವಂಶವಾಹಿ ಚಿಕಿತ್ಸೆ' ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. ಕರಪತ್ರ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ: 'ಜೀನ್ ಚಿಕಿತ್ಸೆ' ಎಂದು ಹಾಕಿ. 'ವಂಶವಾಹಿ ಚಿಕಿತ್ಸೆ' ಬೇಡ.

ವಂಶವಾಹಿ ಪಠ್ಯಪುಸ್ತಕಕ್ಕೆ ಒಪ್ಪುವ ಪದ, ನಿಜ. ಆದರೆ ರೋಗಿಯ ಕೈಗೆ ಕೊಡುವ ಕಾಗದದಲ್ಲಿ ಆ 'ವಂಶ' ಸುಮ್ನೆ ಕೂರುವುದಿಲ್ಲ. ಇಂಥದ್ದೇ ಒಂದು ಒಪ್ಪಿಗೆ ಪತ್ರವನ್ನು ನಾನು ಅನುವಾದಿಸಿ, ಹೃದಯದ ತೊಂದರೆಯಿದ್ದ ಹಿರಿಯರೊಬ್ಬರಿಗೆ ಓದಿ ಹೇಳಿದ್ದೆ. ಈ ಪದ ಬಂದ ಕೂಡಲೇ ಅವರು ಕೈ ಎತ್ತಿ ತಡೆದರು. "ಹಾಗಾದರೆ ಇದು ನನ್ನ ಮಕ್ಕಳಿಗೂ ಹೋಗುತ್ತಾ?" ಅಂದರು. ಮುಂದಿನ ಎರಡು ಪುಟ ಅವರ ಕಿವಿಗೆ ಬೀಳಲೇ ಇಲ್ಲ.

ಮಕ್ಕಳಿಗೆ ದಾಟಿಸುವುದು ಈ ಚಿಕಿತ್ಸೆಯ ಕೆಲಸವೇ ಅಲ್ಲ. 1994ರಲ್ಲಿ ಬಾಸ್ಟನ್ನಿನಲ್ಲಿ ಹೃದ್ರೋಗ ತಜ್ಞ ಜೆಫ್ರಿ ಇಸ್ನರ್ ಅವರ ತಂಡ, ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ ರೋಗಿಗೆ ವಿಇಜಿಎಫ್ ಎಂಬ ಜೀನ್ ಕೊಟ್ಟಿತು. ಹೊಸ ರಕ್ತನಾಳ ಚಿಗುರಲಿ ಎಂಬ ಆಸೆ. ಅಲ್ಲಿ ಬಳಸಿದ್ದು ಪ್ಲಾಸ್ಮಿಡ್, ಅಂದರೆ ಡಿಎನ್‌ಎಯ ಒಂದು ಪುಟ್ಟ ಬಳೆ. ಅದು ಸಾಮಾನ್ಯವಾಗಿ ನಮ್ಮ ವರ್ಣತಂತುವಿಗೆ, ಅಂದರೆ ಜೀವಕೋಶದ ಸ್ವಂತ ಡಿಎನ್‌ಎ ಎಳೆಗೆ, ಸೇರಿಕೊಳ್ಳುವುದಿಲ್ಲ. ಸ್ವಲ್ಪ ಕಾಲ ಪ್ರೋಟೀನ್ ತಯಾರಿಸಿ ಕರಗಿಹೋಗುತ್ತದೆ. ವಂಶವನ್ನು ಹೊರುವ ಮಾತು ಎಲ್ಲಿಂದ ಬಂತು? ಕೊಲೆಸ್ಟ್ರಾಲ್ ಇಳಿಸಲು ಪಿಸಿಎಸ್‌ಕೆ9 ಜೀನನ್ನೇ ತಿದ್ದುವ ಹೊಸ ಪ್ರಯೋಗಗಳಲ್ಲೂ ಗುರಿ ಯಕೃತ್ತಿನ ಜೀವಕೋಶ ಅಷ್ಟೇ, ಮಕ್ಕಳಿಗೆ ದಾಟುವ ಅಂಡಾಣು, ವೀರ್ಯಾಣು ಅಲ್ಲ.

ಇದೇ ಚರ್ಚೆಯಲ್ಲಿ ಅದರ ಬದಲು 'ಪೀಳಿಮದ್ದು' ಹಾಕಿ ಎಂದವರಿಗೆ: 'ಪೀಳಿ'ಯನ್ನು ಕತ್ತರಿಸಿದ್ದು 'ಪೀಳಿಗೆ'ಯಿಂದಲೇ ಅಲ್ವಾ? ವಂಶ ಹೋಗಿ ಪೀಳಿಗೆ ಬಂತು, ಭಯ ಇದ್ದಲ್ಲೇ ಇದೆ. 'ತಳಿ ಚಿಕಿತ್ಸೆ' ಬೇಡವೇ ಬೇಡ. ತಳಿ ಅಂದರೆ ಓದುವವರಿಗೆ ಬಿತ್ತನೆ ಬೀಜ, ಹಸು ನೆನಪಾಗುತ್ತದೆ.

ಇಲ್ಲಿ ಕೆಲವರು 'ಜೀನ್ ಇಂಗ್ಲಿಷ್, ಬೇಡ' ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು ಸರಿಯಲ್ಲ. ಅದು ಇಂಗ್ಲಿಷಿನಲ್ಲಿ ಹುಟ್ಟಿದ ಪದವೇ ಅಲ್ಲ. 1909ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸೆನ್ ತಮ್ಮ ಜರ್ಮನ್ ಪುಸ್ತಕದಲ್ಲಿ 'ಗೆನ್' ಎಂದು ಬರೆದರು. ಬೇರು ಗ್ರೀಕಿನದು, ಸಂಸ್ಕೃತದ 'ಜನ್' ಧಾತುವಿನ ದಾಯಾದಿ. ಜನ, ಜನ್ಮ, ಜನಕ ಎಲ್ಲ ಅದೇ ಬಳ್ಳಿ. ಗ್ರೀಕಿನ 'ಗೆನೋಸ್'ನಲ್ಲೂ ಕುಲದ ಅರ್ಥ ಇದೆ ಅನ್ನಬಹುದು. ಇರಲಿ, ಅದು ನಿಘಂಟಿನಲ್ಲಿದೆ, ರೋಗಿಯ ಕಿವಿಯಲ್ಲಿಲ್ಲ. ಇಂಗ್ಲಿಷಿನವರೂ ಎರವಲು ತಂದವರೇ. ಸಂಸ್ಕೃತದಿಂದ ಬಂದ ಹೃದಯ, ರಕ್ತ ಎರಡಕ್ಕೂ ಬಾಗಿಲು ತೆಗೆದ ನಾವು ಇದೊಂದಕ್ಕೆ ಯಾಕೆ ಚಿಲಕ ಹಾಕಬೇಕು? 'ರಕ್ತನಾಳ'ವನ್ನು 'ನೆತ್ತರುನಾಳ' ಮಾಡಿ ಎಂದವರು, ಸಂಸ್ಕೃತದ್ದೇ ಆದ 'ನಾಳ'ವನ್ನು ಯಾಕೆ ಉಳಿಸಿಕೊಂಡರೋ ಹೇಳಲಿ.

ಜೊತೆಗೆ 'ಪ್ರಯೋಗ ಹಂತದ' ಎಂಬುದನ್ನು ಶೀರ್ಷಿಕೆಯಲ್ಲೇ ಸೇರಿಸಿ. ಸೋತ ಹೃದಯಕ್ಕೆ, ಹೃದಯದ ಸ್ನಾಯು ಹಿಗ್ಗಿ ಕುಗ್ಗಲು ನೆರವಾಗುವ ಸೆರ್ಕಾ2ಎ ಜೀನ್ ಕೊಟ್ಟ ಕ್ಯೂಪಿಡ್ 2 ಪ್ರಯೋಗದಲ್ಲಿ 250 ರೋಗಿಗಳಿದ್ದರು. ಲಾಭ ಕಾಣಲಿಲ್ಲ. ಬರೀ 'ಚಿಕಿತ್ಸೆ' ಎಂದರೆ ಗುಣವಾಗುತ್ತದೆ ಎಂಬ ಭರವಸೆ ಜಾಸ್ತಿ ಆಗುತ್ತದೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಕರಡಿನ ಮೂರನೇ ಸಾಲಿನಲ್ಲಿ 'ವೈರಸ್ ವಾಹಕ' ಎಂದಿದೆ. ಜೀನನ್ನು ಜೀವಕೋಶದೊಳಗೆ ತಲುಪಿಸುವ, ರೋಗ ತರದ ಹಾಗೆ ಮಾರ್ಪಡಿಸಿದ ವೈರಸ್ ಎಂಬ ಅರ್ಥದಲ್ಲಿ ಬರೆದಿದ್ದೀರಿ. ಓದುವವರಿಗೆ ಮಾತ್ರ 'ರೋಗವಾಹಕ' ಕೇಳಿಸುತ್ತದೆ, ತಾವೇ ಸೋಂಕು ಹರಡುತ್ತೇವೇನೋ ಅನ್ನಿಸುತ್ತದೆ. ಬೇರೊಂದು ಕರಡಿನಲ್ಲಿ ಇದೇ ಜಾಗದಲ್ಲಿ, ಇಂಗ್ಲಿಷಿನ 'ವೆಕ್ಟರ್'ಗೆ ಗಣಿತದ ಪದವಾದ 'ಸದಿಶ' ಬಂದು ಕೂತಿದ್ದನ್ನೂ ನೋಡಿದ್ದೇನೆ. 'ಜೀನನ್ನು ಹೊತ್ತೊಯ್ಯುವ ವೈರಸ್' ಎಂದು ಬಿಡಿಸಿ ಬರೆಯಿರಿ. ಒಂದು ಪದ ಜಾಸ್ತಿಯಾದರೂ ಪರವಾಗಿಲ್ಲ. ಅಚ್ಚಿಗೆ ಕೊಡುವ ಮೊದಲು ಆ ಸಾಲನ್ನು ಇಲ್ಲಿ ಹಾಕಿ, ಇವತ್ತು ರಾತ್ರಿಯೇ ನೋಡಿಕೊಡುತ್ತೇನೆ.