ಅಪ್‌ಡೇಟ್: ವಾಟರ್ ಪಂಪ್ ರಿಪೇರಿ ಆದ ಮೇಲೆ ಗೇರ್‌ಕೇಸ್ ಕೂರುತ್ತಿರಲಿಲ್ಲ, ಈಗ ಕೂತಿದೆ

ಹಾರಂಗಿ ಹಿನ್ನೀರಿನಲ್ಲಿ ಓಡಿಸುವ ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಕೂರಿಸುವ ಎಂಜಿನ್) ಬಗ್ಗೆ ಇಲ್ಲಿ ಕೇಳಿದ್ದೆ. ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ) ಬದಲಿಸಿ ಗೇರ್‌ಕೇಸ್ (ಪ್ರೊಪೆಲ್ಲರ್ ಇರುವ ಕೆಳಭಾಗ) ಜೋಡಿಸುವಾಗ ಕೊನೆಗೆ ಅರ್ಧ ಇಂಚು ಗ್ಯಾಪ್ ಉಳೀತಿತ್ತು. ಈಗ ಪೂರ್ತಿ ಕೂತಿದೆ, ಪಂಪ್ ಕೆಲಸ ಮಾಡ್ತಿದೆ ಅಂತ ತೋರಿಸುವ ಪಕ್ಕದ ತೂತಿನಿಂದ ನೀರೂ ಜೋರಾಗಿ ಬರ್ತಿದೆ.

ನೀವು ಕೊಟ್ಟ ಸಲಹೆಗಳಲ್ಲಿ ಫಲ ಕೊಟ್ಟಿದ್ದು ಫ್ಲೈವೀಲ್ (ಎಂಜಿನ್ ಮೇಲಿನ ಭಾರದ ಚಕ್ರ) ತಿರುಗಿಸುವ ಸಲಹೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಬ್ಬರು ಕೆಳಗಿಂದ ಗೇರ್‌ಕೇಸ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಫ್ಲೈವೀಲನ್ನು ಮೆಲ್ಲಗೆ ಪ್ರದಕ್ಷಿಣೆಯಾಗಿ ತಿರುಗಿಸಬೇಕು. ಗೇರ್‌ಕೇಸಿನಿಂದ ಮೇಲೆ ಬರುವ ಡ್ರೈವ್ ಶಾಫ್ಟಿನ ಸ್ಪ್ಲೈನ್ (ತುದಿಯ ಉದ್ದುದ್ದ ಹಲ್ಲುಗಳು) ಎಂಜಿನ್ನಿನ ಕ್ರ್ಯಾಂಕಿಗೆ ಹೊಂದಿದ ಕೂಡಲೇ ಟಕ್ ಅಂತ ಮೇಲೇರುತ್ತೆ. ಉಲ್ಟಾ ತಿರುಗಿಸಿದರೆ ಇಂಪೆಲ್ಲರ್ ರೆಕ್ಕೆ ಹಿಮ್ಮುಖವಾಗಿ ಮಡಚಿಕೊಳ್ಳುತ್ತೆ.

ಬೋಲ್ಟ್ ಬಿಗಿ ಮಾಡಿ ಎಳೆದುಕೊಳ್ಳಿ ಅಂದವರಿದ್ದರು. ದಯವಿಟ್ಟು ಬೇಡ, ಹೌಸಿಂಗ್ (ಹೊರಕವಚ) ಬಿರುಕು ಬಿಡುತ್ತೆ. ಶಾಫ್ಟಿನ ತಲೆಗೆ ಗ್ರೀಸ್ ಮೆತ್ತುವುದೂ ಕೆಲಸಕ್ಕೆ ಬಾರದು: ಗ್ರೀಸ್ ಒಳಗೆ ಸಿಕ್ಕಿಕೊಂಡು ಶಾಫ್ಟನ್ನು ಮೇಲೆ ಬಿಡೋದೇ ಇಲ್ಲ. ಸ್ಪ್ಲೈನಿನ ಪಕ್ಕಗಳಿಗೆ ತೆಳ್ಳಗೆ ಸವರಿದರೆ ಸಾಕು.

ಯಾರೂ ಹೇಳದಿದ್ದ ಒಂದು ವಿಷಯ: ಗೇರ್‌ಕೇಸ್ ಕೂತರೂ ನೀರಿನ ಕೊಳವೆ ಪಂಪಿನ ಮೇಲಿನ ರಬ್ಬರ್ ಬಳೆ, ಅಂದರೆ ಗ್ರಾಮೆಟ್‌ಗೆ ಹೋಗದೆ ಪಕ್ಕಕ್ಕೆ ಜಾರಿರಬಹುದು. ಆಗ ಹೊಸ ಇಂಪೆಲ್ಲರ್ ಇದ್ದರೂ ಎಂಜಿನ್ ಬಿಸಿಯಾಗುತ್ತೆ. ಗ್ರಾಮೆಟ್‌ಗೆ ಸೋಪು ನೀರು ಹಚ್ಚಿ, ಟಾರ್ಚ್ ಹಾಕಿ ನೋಡ್ಕೊಂಡೇ ಏರಿಸಿ. ಶಿಫ್ಟ್ ರಾಡ್ (ಗೇರ್ ಬದಲಿಸುವ ಸರಳು), ಗೇರ್ ಲಿವರ್ ಎರಡೂ ಒಂದೇ ಗೇರಲ್ಲಿರಲಿ.

ಮಳೆಗಾಲದ ಕೆಂಪು ನೀರಿನ ಮರಳು ಪಂಪಿನ ಸ್ಟೀಲ್ ಪ್ಲೇಟನ್ನೂ ಗೀರುತ್ತೆ. ಉಗುರಿಗೆ ಗೀರು ಸಿಕ್ಕರೆ ಅದನ್ನೂ ಬದಲಿಸಿ. ಟೆಸ್ಟ್ ಮಾಡೋದು ನೀರು ತುಂಬಿದ ಡ್ರಮ್ಮಿನಲ್ಲಿ, ನೀರಿಲ್ಲದೆ ಅಲ್ಲ.